ಮಾರಿ ಕಲ್ಲಿನಾಚೆಯ ಹಟ್ಟಿ

1998ರ ಫೆಬ್ರುವರಿ, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಬಸರಿಹಾಳು ಠಾಣೆಗೆ ದೂರು ಬಂತು. ಕೊಟ್ಟೂರು–ಹರಪನಹಳ್ಳಿ ರಸ್ತೆಯ ಹೊಸ ಜಿಲ್ಲಾ ಗಡಿ ಬೋರ್ಡನ್ನು ಯಾರೋ ಕಿತ್ತೊಯ್ದಿದ್ದರು. ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ.

ದೂರು ತಂದವರು ರಸ್ತೆ ಇಂಜಿನಿಯರ್ ಪ್ರವೀಣಕುಮಾರ್. “ಒಂದು ತಿಂಗಳು ಫೈಲ್ ಓಡಾಡೇತ್ರಿ. ಇಂಗ್ಲಿಷ್‌ನಾಗ ಬಾರ್ಡರ್ ಅಂತ ಬರೆಸೋದೋ ಬೌಂಡರಿ ಅಂತ ಬರೆಸೋದೋ, ಮೊದಲನೇ ಅಕ್ಷರ ಅಷ್ಟ ದೊಡ್ಡದೋ ಎಲ್ಲಾ ದೊಡ್ಡವೋ ಅಂತ.”

“ಎಲ್ಲಿ ನೆಡಬೇಕು ಅಂತ ಎಷ್ಟು ದಿನ ಓಡಾಡಿತು?” ಪಿಎಸ್‌ಐ ಗುರುಶಾಂತ ಕೇಳಿದರು. ಅವರು ವರ್ಗವಾಗಿ ಬಂದು ಮೂರು ದಿನವಾಗಿತ್ತಷ್ಟೆ.

“ಅದಕ್ಕೇನ್ರಿ, ಊರವರನ್ನ ಕೇಳಿದ್ವಿ.”

ಸರ್ಕಾರಿ ಸ್ವತ್ತು. ಹೆಡ್ ಕಾನ್‌ಸ್ಟೇಬಲ್ ಹುಲುಗಪ್ಪ ಚಹಾ ಆರುವುದರೊಳಗೆ ಎಫ್‌ಐಆರ್ ಬರೆದು ಮುಗಿಸಿದ.

ಸ್ಥಳದಲ್ಲಿ ಎರಡು ಗುಂಡಿಗಳಿದ್ದವು. ಪಕ್ಕದಲ್ಲಿ ಅರಿಶಿನ ಬಳಿದ ಕಲ್ಲು, ಹರಿದ ಮೊರ, ಒಣಗಿದ ಬೇವಿನ ಸೊಪ್ಪು. ಪಂಚರಾಗಿ ಬಂದಿದ್ದ ಊರ ಹಿರಿಯ ಹಾಲೇಶಪ್ಪ ಕಲ್ಲಿಗೆ ಕೈ ಮುಗಿದರು.

“ಗಡಿ ಎಲ್ಲಿ ಅಂದ್ರು, ಈ ಮಾರಿ ಕಲ್ಲು ತೋರಿಸಿದೆ. ಊರಾಗ ರೋಗ ಬಂದ್ರ ಅಮ್ಮನ ಮೊರ ಇಲ್ಲಿ ತಂದಿಟ್ಟು, ತಿರುಗಿ ನೋಡದಂಗ ಹೋಗ್ತೀವ್ರಿ.”

“ಕಲ್ಲಿನಾಚೆ ಗುಡಿಸಲು ಕಾಣ್ತಾವಲ್ಲ?”

“ಕೆಳಗಿನ ಹಟ್ಟಿರಿ.”

“ಯಾವ ಊರದ್ದು?”

“ನಮ್ಮೂರದ್ದ.”

“ಅಂದರೆ ಮಾರಿಯನ್ನ ಅವರ ಬಾಗಿಲಿಗೆ ಬಿಟ್ಟು ಬರ್ತೀರಿ?”

ಹಾಲೇಶಪ್ಪ ಟವೆಲು ಕೊಡವಿದರು. “ಹಿಂದಿನಿಂದ ನಡಕೊಂತ ಬಂದೈತಿ, ಸಾಹೇಬ್ರ.”

ಕಬ್ಬಿಣದ ಕಾಲು ಎಳೆದ ಗೀರು ಹಟ್ಟಿಯ ನಡುವೆ ಹಾದುಹೋಗಿತ್ತು. ಹಟ್ಟಿ ದಾಟಿದ ಮೇಲೆ, ಸರ್ವೆಯವರ ಹಳೆಯ ಗಡಿಕಲ್ಲಿನ ಪಕ್ಕದಲ್ಲಿ, ಬೋರ್ಡು ನಿಂತಿತ್ತು. ಹಿಂದುಮುಂದಾಗಿ ನೆಟ್ಟಿದ್ದರಿಂದ ದೊಡ್ಡ ಇಂಗ್ಲಿಷ್ ಅಕ್ಷರಗಳು ಜಾಲಿಮರಗಳನ್ನು ನೋಡುತ್ತಿದ್ದವು.

ಗುಡಿಸಲ ಮುಂದೆ ಕೂತಿದ್ದ ಹೆಂಗಸು ತಾನಾಗಿಯೇ ಎದ್ದಳು.

“ನಾನ ಕಿತ್ತಿದ್ದು. ಬೊಮ್ಮಮ್ಮ ಅಂತ ಬರ್ಕಳ್ರಿ.”

“ಇಷ್ಟು ಭಾರ, ಒಬ್ಬಳೇ?”

“ಮಾರೆಮ್ಮ ಕೈ ಹಚ್ಚಿದ್ಲು. ಆಕೀನೂ ಹಿಡ್ಕೊಂಡು ಹೋಗ್ರಿ, ಇಲ್ಲೇ ಬಿಟ್ಟಾರಲ್ಲ.”

ಕಾನ್‌ಸ್ಟೇಬಲ್ ಮಾರೇಶ್ ನಗು ತಡೆದುಕೊಂಡ. ಹುಲುಗಪ್ಪ ಮಾತ್ರ ಬೇರೆಡೆ ನೋಡುತ್ತಿದ್ದ.

“ಯಾಕೆ ಕಿತ್ತೆ?”

“ಹೋದ ವಾರ ನನ್ನ ಗಂಡ ಅಜ್ಜಯ್ಯನ್ನ ಕಲ್ಲಿನ ಲಾರಿ ಬಡಕೊಂಡು ಹೋತು. ಇದ ಬಾಗಿಲ ಮುಂದ ಜೀವ ಬಿಟ್ಟ. ನಿಮ್ಮ ಠಾಣೆಗೆ ಬಂದೆ. ಈ ಅಣ್ಣ ಬೋರ್ಡ್ ಆಚಿಗಿಂದು ನಮ್ಮದಲ್ಲ ಅಂದ. ಆಚಿ ಜಿಲ್ಲಾದ ಠಾಣೆಗೆ ಹೋದೆ. ನಮ್ಮ ನಕಾಶಿನಾಗ ನಿಮ್ಮ ಹಟ್ಟಿ ಇಲ್ಲ ಅಂದ್ರು. ಬಂದು ಮಣ್ಣು ಮಾಡಿದ್ವಿ. ಆ ಲಾರಿ ದಿನಾ ನಮ್ಮ ಮುಂದನ ಹೊಕ್ಕೈತಿ, ಹಾರನ್ ಹೊಡಕೊಂತ.”

ಗುರುಶಾಂತ ಹುಲುಗಪ್ಪನ ಕಡೆ ತಿರುಗಿದರು.

“ಬೋರ್ಡ್ ನೋಡಿ ಹೇಳಿದೆ ಸಾರ್,” ಎಂದ ಹುಲುಗಪ್ಪ.

“ಬೋರ್ಡ್ ಕಳುವಾದರೆ ಕೂಡಲೇ ಕೇಸು. ಮನುಷ್ಯ ಸತ್ತರೆ ಬೋರ್ಡ್ ನೋಡ್ತೀರೇನ್ರಿ?”

ಬಂಧನ ತಪ್ಪಿಸುವಂತಿರಲಿಲ್ಲ. ಜಪ್ತಿ ಪಂಚನಾಮೆ ಬರೆದು ಮಾರೇಶ್ ಗಟ್ಟಿಯಾಗಿ ಓದಿದ: “ನಮ್ಮ ಠಾಣಾ ಸರಹದ್ದಿಗೆ ಸೇರಿದ ಕೆಳಗಿನ ಹಟ್ಟಿಯ ವಾಸಿ ಬೊಮ್ಮಮ್ಮ ತೋರಿಸಿದ ಜಾಗದಲ್ಲಿ...”

“ತಡೀರಿ,” ಅಂದಳು. “ನಿಮ್ಮ ಸರಹದ್ದು ಅಂತ ಬರದೈತೇನು?”

“ಐತಿ, ಅವ್ವಾ.”

“ಹಂಗಾದ್ರ ನನ್ನ ಗಂಡನ ಸಾವೂ ಬರ್ಕಳ್ರಿ. ಆಮ್ಯಾಲ ಹೆಬ್ಬಟ್ಟು.”

ಠಾಣೆಯಲ್ಲಿ ಗುರುಶಾಂತ ಎರಡನೇ ಎಫ್‌ಐಆರ್ ತಾವೇ ಬರೆದರು. ದೂರು ತಡವಾದದ್ದಕ್ಕೆ ಕಾರಣ ಕೇಳುವ ಕಾಲಮ್ಮಿನ ಹತ್ತಿರ ಹುಲುಗಪ್ಪ ಮೆತ್ತಗೆ, “ದುಃಖದಾಗಿದ್ಲು ಅಂತ ಹಾಕ್ರಿ ಸಾರ್, ನಡೀತೈತಿ” ಎಂದ.

ಗುರುಶಾಂತ ಬರೆದದ್ದು ಇಷ್ಟು: ಫಿರ್ಯಾದುದಾರಳು ಅಂದೇ ಬಂದಿದ್ದಳು. ಠಾಣೆಯವರು ಬರೆದುಕೊಳ್ಳಲಿಲ್ಲ.

ಅದನ್ನು ಅವರು ಓದಿ ಹೇಳಿದರು. ಬೊಮ್ಮಮ್ಮ ಪಂಚನಾಮೆಗೂ ಈ ಎಫ್‌ಐಆರ್‌ಗೂ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಠಾಣೆಯ ಗೋಡೆಗೆ ಒರೆಸಿ, ಲಾಕಪ್ ಯಾವ ಕಡೆ ಎಂದು ಕೇಳಿದಳು.