ಬ್ರೆಡ್ಡಿನ ಕೆಳಗೆ ಹಸಿರುಕಲ್ಲು

ಭಾವಚಿತ್ರದ ಕೆಳಗಿನ ಮೊಳೆ ಖಾಲಿಯಾಗಿತ್ತು. ಅಲ್ಲಿ ತೂಗುತ್ತಿದ್ದ ಹಸಿರುಕಲ್ಲಿನ ಪದಕ ತೀರಿಹೋದ ತಮ್ಮ ತಾಯಿಯ ಕತ್ತಿನದೆಂದು ಅಲ್ಲಿನ ಹಿರಿಯರಾದ ಹೇಮಿ ಅಜ್ಜ ಹಿಂದಿನ ಸಂಜೆಯಷ್ಟೇ ಎಲ್ಲರಿಗೂ ಹೇಳಿದ್ದರು. ಈಗ ಅವರ ಕುಲದವರು ಕೂಡುವ ತಾಣವಾದ ಮರಾಯಿಯ ಸಭಾಮನೆಯಲ್ಲಿ ಆ ಮೊಳೆಯನ್ನು ಬೆರಳಿನಿಂದ ಸವರುತ್ತ ನಿಂತಿದ್ದರು.

ಲೆಸ್ಲಿಗೆ ಅವರ ಮುಖ ನೋಡಲಾಗಲಿಲ್ಲ. ನಿವೃತ್ತ ಸಮಾಜ ಕಾರ್ಯಕರ್ತನಾದ ಅವನು ಪಿರಿಹಿರಾ ಆಂಟಿಯ ಹಳೆಯ ಜೊತೆಗಾರ. ಆಂಟಿಯ ವಾಸ ಮರಾಯಿಯ ಪಕ್ಕದ ಮನೆಯಲ್ಲೇ. ಆ ಸೀಮೆಯ ಸಮಾಜ ಕಾರ್ಯಕರ್ತರನ್ನೆಲ್ಲ ತಿದ್ದಿ ಬೆಳೆಸಿದ ಹೆಂಗಸು. ಏನಾದರೂ ತೊಡಕಾದರೆ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು.

ಪರವಾನಗಿ ಉಳಿಯಬೇಕಾದರೆ ಸಮಾಜ ಕಾರ್ಯಕರ್ತರು ವರ್ಷವರ್ಷವೂ ಹೊಸದಾಗಿ ಕಲಿಯಬೇಕು. ನಿಜಕ್ಕೂ ಕಲಿತಿದ್ದಾರೆಂದು ಸಹೋದ್ಯೋಗಿಯೊಬ್ಬರು ಖಾತ್ರಿ ಹೇಳಬೇಕು. ಅಂಥ ಕಲಿಕೆಗೆಂದು ಆಂಟಿ ನಡೆಸುತ್ತಿದ್ದ ಶಿಬಿರಕ್ಕೆ ಈ ಸಲ ಒಂದೇ ಕಚೇರಿಯ ಮೂವರು ಬಂದು ಸಭಾಮನೆಯಲ್ಲೇ ಮಲಗಿದ್ದರು: ಇದೇ ಮರಾಯಿಯಲ್ಲಿ ಬೆಳೆದ ರೋಯಿಮಾತಾ, ಸಮೋವಾದ ಮಾಲಿಯಾ ಮತ್ತು ಅವರ ತಂಡದ ಮುಖ್ಯಸ್ಥ ಗ್ಯಾರೆತ್.

"ಬ್ಯಾಗ್ ನೋಡಿಬಿಡಿ. ಯಾರ ಮೇಲೂ ಅನುಮಾನ ಉಳೀಬಾರದು. ನಂದೇ ಮೊದಲು," ಎಂದ ಗ್ಯಾರೆತ್.

ಲೆಸ್ಲಿ ಅವನ ಬ್ಯಾಗಿನೊಳಗೆ ಕೈ ಹಾಕಿದ. ಬಟ್ಟೆ, ಕ್ಷೌರದ ಸಾಮಾನು, ಅಷ್ಟೇ. ಕೈ ಇನ್ನೂ ಹೊರಗೆ ಬಂದಿರಲಿಲ್ಲ, ಗ್ಯಾರೆತ್ ಮತ್ತೆ ಹೇಳಿದ: "ಅಡುಗೆಮನೇಲಿ ನಮ್ಮ ಊಟದ ಡಬ್ಬಿಗಳೂ ಇವೆಯಲ್ಲ, ಅವನ್ನೂ ನೋಡಿ."

ಪದಕ ಸಿಕ್ಕಿದ್ದು ರೋಯಿಮಾತಾಳ ಡಬ್ಬಿಯಲ್ಲಿ, ಬ್ರೆಡ್ಡಿನ ಕೆಳಗೆ.

ಹೇಮಿ ಅಜ್ಜ ರೋಯಿಮಾತಾಳ ಕಡೆ ನೋಡಲೇ ಇಲ್ಲ. ಬ್ರೆಡ್ಡನ್ನೇ ನೋಡಿದರು. "ಅಮ್ಮನ ಕತ್ತಿನದು... ತಿನ್ನೋದರ ಜೊತೇಲಿ..." ಎಂದು ಗೋಡೆ ಹಿಡಿದು ಕುಳಿತರು. "ನೀರು ತನ್ನಿ. ಮೊದಲು ಇದನ್ನ ಶುದ್ಧ ಮಾಡಬೇಕು."

"ನಾನಲ್ಲ ಅಜ್ಜ," ಎಂದಳು ರೋಯಿಮಾತಾ.

"ಬೇಜಾರಾಗುತ್ತೆ ಕಣಮ್ಮ," ಎಂದ ಗ್ಯಾರೆತ್, "ಆದ್ರೆ ಪರವಾನಗಿ ಮಂಡಳಿಗೆ ನಾನು ತಿಳಿಸಲೇಬೇಕು."

ಅದರರ್ಥ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸರ್ಕಾರ ಬೇರೆಯವರ ಮನೆಯಲ್ಲಿ ಇರಿಸಿದ್ದ ಅಕ್ಕ-ತಮ್ಮ ಇಬ್ಬರು ಮಕ್ಕಳನ್ನು ಸ್ವಂತ ಅಜ್ಜಿಯ ಮಡಿಲಿಗೆ ಸೇರಿಸಲು ರೋಯಿಮಾತಾ ವರ್ಷವಿಡೀ ಓಡಾಡಿದ್ದಳು. ಸೋಮವಾರ ನ್ಯಾಯಾಲಯದಲ್ಲಿ ಅವಳ ಮಾತಿನ ಮೇಲೆ ತೀರ್ಮಾನ. ಕಳ್ಳಿಯೆನಿಸಿಕೊಂಡವಳ ಮಾತಿಗೆ ಅಲ್ಲಿ ಬೆಲೆಯಿರುವುದಿಲ್ಲ.

"ಇವತ್ತು ಶನಿವಾರ. ಮಂಡಳಿ ಬಾಗಿಲು ಹಾಕಿದೆ," ಎಂದರು ಆಂಟಿ. "ಸಂಜೆವರೆಗೆ ಬಾಯಿ ಮುಚ್ಕೊಂಡಿರು ಗ್ಯಾರೆತ್."

ಆಮೇಲೆ ರೋಯಿಮಾತಾಳನ್ನು ನದಿಯ ಕಡೆಗೆ ಕರೆದೊಯ್ದರು. ಲೆಸ್ಲಿಯೂ ಜೊತೆಗಿದ್ದ.

"ನಿನ್ನ ಮೇಲೆ ಯಾರಿಗೆ ಸಿಟ್ಟು?"

"ಒಬ್ಬರ ಕಲಿಕೆಗೆ ಖಾತ್ರಿ ಹೇಳಲ್ಲ ಅಂದೆ ಆಂಟಿ. ನಮ್ಮ ಆಚಾರದ ಪಾಠಾನ ಬೇರೆಯವರನ್ನ ಕಂಪ್ಯೂಟರ್ ಮುಂದೆ ಕೂರಿಸಿ ಅವರ ಕೈಲೇ ಮುಗಿಸಿದ್ರಂತೆ. ಅವರೇ ಹೇಳಿದ್ದು."

"ಯಾರದು?"

ಅವಳು ತಲೆಯಾಡಿಸಿದಳು. "ಬಾಗಿಲು ಹಾಕ್ಕೊಂಡು ಆಡಿದ ಮಾತು. ಹೆಸರು ಹೇಳಲ್ಲ."

ಅವಳು ಹೋದ ಮೇಲೆ ಲೆಸ್ಲಿ ಕೆಮ್ಮಿದ. "ಮಾಲಿಯಾ ಇರಬಹುದಾ? ತಿಂಡಿ ಆದ್ಮೇಲೆ ಪಾತ್ರೆ ತೊಳೀತಾ ಒಬ್ಬಳೇ ಇದ್ದಳು."

"ತಿಂಡಿ ಹೊತ್ತಲ್ಲಿ ಇನ್ನೇನು ನೋಡಿದೆ?"

"ಏನಿಲ್ಲ. ಗ್ಯಾರೆತ್ ಟೋಪಿ ತೆಗೆದು ಮೇಜಿನ ಮೇಲೆ ಬೆಣ್ಣೆ ಪಕ್ಕ ಇಟ್ಟ. ಮಾಲಿಯಾ ಅದನ್ನೆತ್ತಿ ಗೂಟಕ್ಕೆ ಹಾಕಿದಳು. ಅಷ್ಟೇ."

"ಅಷ್ಟೇನಾ? ಇಷ್ಟು ವರ್ಷ ನನ್ನ ಹಿಂದೆ ಸುತ್ತಿ ಇಷ್ಟೇನಾ ಕಲ್ತಿದ್ದು, ಮೊದ್ದು!" ಎಂದರು ಆಂಟಿ. ಆದರೆ ನಗಲಿಲ್ಲ.

ಸಂಜೆ ಎಲ್ಲರನ್ನೂ ಊಟದ ಮನೆಗೆ ಕರೆಸಿದರು. ಹೇಮಿ ಅಜ್ಜ ಬಾಗಿಲ ಬಳಿ ಕುಳಿತರು.

"ಕಳ್ಳರು ಕದ್ದದ್ದನ್ನ ಬಚ್ಚಿಡ್ತಾರೆ," ಎಂದು ಆಂಟಿ ಶುರು ಮಾಡಿದರು. "ಇಲ್ಲಿ ಹುಟ್ಟಿ ಬೆಳೆದ ಹುಡುಗಿ ಏನು ಬೇಕಾದ್ರೂ ಕದೀಬಹುದು ಅಂತಿಟ್ಕೊಳ್ಳಿ. ಆದ್ರೆ ಸತ್ತವರ ಕತ್ತಿನದನ್ನ ತಾನು ತಿನ್ನೋ ಬ್ರೆಡ್ ಕೆಳಗೆ ಇಡಲ್ಲ. ಅದಕ್ಕಿಂತ ಪದಕಾನ ನದಿಗೆ ಎಸೀತಾಳೆ. ತಲೆಗೆ, ಕತ್ತಿಗೆ ಸೇರಿದ್ದು ಊಟದ ಹತ್ತಿರ ಬರಬಾರದು ಅನ್ನೋದು ನಮ್ಮಲ್ಲಿ ಎಳೇ ಮಕ್ಕಳಿಗೂ ಗೊತ್ತು. ಅಂದ್ಮೇಲೆ ಇಟ್ಟವರು ಗೊತ್ತಿಲ್ಲದವರು."

"ಹಾಗಾದ್ರೆ ನಾನಾ ಆಂಟಿ?" ಮಾಲಿಯಾ ಗಾಬರಿಯಾದಳು. "ನಾನು ಇಲ್ಲಿಯವಳಲ್ವಲ್ಲ!"

"ನೀನು ಟೋಪೀನ ಮೇಜಿನಿಂದ ಎತ್ತಿದೆಯಲ್ಲ ತಾಯಿ. ಯಾಕೆ ಎತ್ತಿದೆ?"

"ತಲೇದು, ಊಟದ ಮೇಜಿನ ಮೇಲೆ ಇರಬಾರದಲ್ವಾ. ಅಜ್ಜ ನೋಡಿ ನೊಂದ್ಕೋತಾರೆ ಅಂತ."

ಎಲ್ಲರ ಕಣ್ಣೂ ಗ್ಯಾರೆತ್‌ನತ್ತ ತಿರುಗಿದವು. ಅವನು ನಕ್ಕ. "ನನಗೆ ಒಂದು ಪದ್ಧತಿ ಗೊತ್ತಿಲ್ಲ ಅಂದ್ರೆ ನಾನು ಕಳ್ಳನಾ? ಚೆನ್ನಾಗಿದೆ!"

"ಇಲ್ಲ," ಎಂದರು ಆಂಟಿ. "ಅಷ್ಟಕ್ಕೇ ಆಗಲ್ಲ. ಲೆಸ್ಲಿ ಕೈ ನಿನ್ನ ಬ್ಯಾಗಲ್ಲಿತ್ತು. ಇನ್ನೂ ಎರಡು ಬ್ಯಾಗ್ ಬಾಕಿ. ಆಗಲೇ ಡಬ್ಬಿ ನೋಡಿ ಅಂದೆ. ಈ ಪದಕ ಊಟದ ಡಬ್ಬೀಲಿರುತ್ತೆ ಅಂತ ಇಲ್ಲಿ ಯಾರ ಮನಸ್ಸಿಗೂ ಬರ್ತಿರಲಿಲ್ಲ. ನಿನಗೆ ಬಂತು. ಅದೂ ಸಾಕ್ಷಿ ಅಲ್ಲ ಅಂತೀಯ. ಇರ್ಲಿ. ಒಂದೇ ಪ್ರಶ್ನೆ. ಈ ವರ್ಷ ನಿನ್ನ ಕಲಿಕೆಗೆ ಖಾತ್ರಿ ಹೇಳಿದವರು ಯಾರು?"

ಗ್ಯಾರೆತ್‌ನ ನಗು ಆರಿಹೋಯಿತು.

"ರೋಯಿಮಾತಾ ಎಲ್ಲಾ ಹೇಳಿಬಿಟ್ಟಳಾ?" ಎಂದ.

"ನಿನ್ನ ಹೆಸರು ಎತ್ತಲಿಲ್ಲ. ಪರವಾನಗಿ ಹೋಗುತ್ತೆ ಅಂದ್ರೂ ಎತ್ತಲಿಲ್ಲ. ಈಗ ನೀನೇ ಎತ್ತಿದೆ."

ಗ್ಯಾರೆತ್ ರೋಯಿಮಾತಾಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಇವಳು ಕಳ್ಳಿ ಅಂತಾದ್ರೆ, ಇವಳು ಖಾತ್ರಿ ಕೊಡದಿದ್ದಕ್ಕೆ ಯಾರೂ ಬೆಲೆ ಕೊಡಲ್ಲ ಅಂದ್ಕೊಂಡೆ," ಎಂದ ಮೆಲ್ಲಗೆ. "ಮಕ್ಕಳ ವಿಷಯ ಮರೆತೇಬಿಟ್ಟೆ."

"ಮರೆಯೋರ ಕೈಗೆ ಮಕ್ಕಳನ್ನ ಕೊಡಬಾರದು ಅಂತಾನೇ ಈ ಕಲಿಕೆ ಇರೋದು," ಎಂದರು ಆಂಟಿ. ಅವರ ದನಿಯಲ್ಲಿ ಗೆಲುವಿರಲಿಲ್ಲ. "ಅಜ್ಜನಿಗೆ ಈಗ ಹೇಳು. ಮಂಡಳಿಗೆ ಸೋಮವಾರ ನೀನೇ ಹೇಳು. ನಾನು ಪಕ್ಕದಲ್ಲಿ ಕೂತಿರ್ತೀನಿ."

ಗ್ಯಾರೆತ್ ಎದ್ದು ಹೇಮಿ ಅಜ್ಜನ ಮುಂದೆ ನಿಂತ. "ಅದನ್ನ ಅಲ್ಲಿಟ್ಟಿದ್ದು ನಾನೇ ಅಜ್ಜ," ಎಂದ.

ಲೆಸ್ಲಿ ಹೊರಗೆ ಬಂದ. ಅವನಿಗಿಂತ ಮುಂಚೆ ಹೊರಬಂದಿದ್ದ ರೋಯಿಮಾತಾ ಬೇಲಿಗೆ ಒರಗಿ ಫೋನಿನಲ್ಲಿ ಆ ಮಕ್ಕಳ ಅಜ್ಜಿಯೊಡನೆ ಮಾತಾಡುತ್ತಿದ್ದಳು. ಅವಳ ದನಿ ಗಟ್ಟಿಯಾಗಿತ್ತು.

"ಇಲ್ಲ ಅಜ್ಜಿ, ಏನೂ ಬದಲಾಗಿಲ್ಲ. ಸೋಮವಾರ ನಾನೇ ಬರ್ತೀನಿ. ನೀವು ಮಕ್ಕಳ ಹಾಸಿಗೆ ಹಾಸಿಡಿ."