ಹಲಗೆಯ ಹಿಂದಿನ ದನಿ

ನಾನು ಮಿಮಿಕ್ರಿಯವನು, ಬಾಯಿ ಬಿಟ್ಟರೆ ಬೊಗಳೆ ಅನ್ನುತ್ತಾರೆ; ಆದರೂ ಇದು ನಡೆದದ್ದೇ. ಅಕ್ಕ ಡ್ರಾಯಿಂಗ್ ಟೀಚರ್. ‘ಕಷ್ಟ ಇದ್ದರೆ ಹೇಳಿಕೊಳ್ಳಿ’ ಎಂದು ಮಕ್ಕಳು ಬಿಡಿಸಿದ ಪೋಸ್ಟರುಗಳನ್ನು ಒಂದು ದಿನ ಶಾಲೆ ಬಿಟ್ಟ ಮೇಲೆ, ತರಗತಿಯಲ್ಲಿ ಕಾಲುಗಳ ಮೇಲೆ ನಿಲ್ಲಿಸಿದ್ದ ಹಲಗೆಗೆ ಅಂಟಿಸುತ್ತಿದ್ದಳು. ನಾನು ಹಲಗೆಯ ಹಿಂದೆ ಅವಿತು, ಪುಟ್ಟ ಹುಡುಗಿಯ ದನಿ ತೆಗೆದು, “ಮಿಸ್, ಒಂದು ಹೇಳ್ಲಾ?” ಎಂದೆ.

“ಹೇಳು ಪುಟ್ಟಾ,” ಎಂದಳು ಅಕ್ಕ.

ನಗು ತಡೆಯಲು ಬಾಯಿಗೆ ಕೈ ಒತ್ತಿಕೊಂಡೆ. ಆಚೆ ಅಕ್ಕ, “ಹೂಂ... ಬಾಗಿಲು ಯಾರು ಹಾಕಿದ್ರು?... ಆಮೇಲೆ?” ಎನ್ನುತ್ತಲೇ ಇದ್ದಳು. ನನಗೆ ಬೇರೆ ದನಿ ಕೇಳಿಸಲಿಲ್ಲ. ಕೆನ್ನೆಗೆ ತಾಗಿದ್ದ ಹಲಗೆ ಮಾತ್ರ ಉಸಿರು ಬಿದ್ದಂತೆ ಬೆಚ್ಚಗಾಗುತ್ತಿತ್ತು, ತಣ್ಣಗಾಗುತ್ತಿತ್ತು.

ಹೊರಗೆ ಬಂದೆ. ಕಣ್ಣೊರೆಸಿಕೊಳ್ಳುತ್ತಿದ್ದ ಅಕ್ಕ ನನ್ನನ್ನು ಕಂಡು ಗೊಳ್ಳೆಂದು ನಕ್ಕಳು. “ಥೂ ಕಳ್ಳ! ಕತ್ತಲೆ ಕೋಣೇಲಿ ಕೂಡಿಹಾಕಿದಾರೆ ಅಂದಾಗ ಅಳುನೇ ಬಂತಲ್ಲೋ!”

“ಮೊದಲನೇ ಮಾತಷ್ಟೇ ನಂದು ಕಣೇ. ಉಳಿದಿದ್ದು ನಾನಲ್ಲ.”

ಅವಳು ಹೊಟ್ಟೆ ಹಿಡಿದುಕೊಂಡು ಇನ್ನೂ ಜೋರಾಗಿ ನಕ್ಕಳು.