ಬ್ಯಾಟರಿಗೆ ಹೊಲಿದ ಅಂಗಿ

"ಒಂದು ಅಂಗಿ ಹೊಲಿಸಬೇಕಿತ್ತು."

ಭವ್ಯಶ್ರೀ ಮೆಷಿನ್ನಿನಿಂದ ತಲೆಯೆತ್ತಿದಳು. "ಇದು ಟೈಲರ್ ಅಂಗಡಿ ಅಲ್ಲ, ಮಾರಾಯ್ರೆ. ಕಾರಿನ ಸೀಟ್ ಕವರ್ ಮಾತ್ರ ಹೊಲಿಯುವುದು."

"ಗೊತ್ತುಂಟು. ಅಂಗಿ ನನಗಲ್ಲ, ಬ್ಯಾಟರಿಗೆ."

ಅವಳಿಗೆ ನಗು ಬಂತು. ಅವನೂ ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸಣ್ಣದಾಯಿತು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಹೆಸರು ಮೋಕ್ಷಿತ್. ಮನೆ ಕದ್ರಿಯಲ್ಲಿ, ಮನೆಯವರದ್ದು ಹೋಟೆಲ್ ವ್ಯಾಪಾರ. ಲೇಹ್‌ನಲ್ಲಿ ಗೆಳೆಯ ರೋಷನ್ ನಡೆಸುತ್ತಿದ್ದ ಹೋಟೆಲನ್ನು ಈ ಚಳಿಗಾಲ ನೋಡಿಕೊಳ್ಳಲು ಒಪ್ಪಿಕೊಂಡಿದ್ದ. ಅಲ್ಲಿಯವರೆಗೂ ತನ್ನ ಹಳೆಯ ಕಾರಿನಲ್ಲೇ ಹೋಗುವವನಿದ್ದ.

"ಇಲ್ಲಿ ಎಂಜಿನ್ ಬಿಸಿಗೆ ಬ್ಯಾಟರಿ ಬೇಗ ಹಾಳಾಗ್ತದೆ. ಅಲ್ಲಿ ಚಳಿಗೆ ಗಾಡಿ ಸ್ಟಾರ್ಟೇ ಆಗುವುದಿಲ್ಲವಂತೆ. ಕಂಪೆನಿಯ ಕವರ್ ಪುಡಿಪುಡಿಯಾಗಿ ಹೋಗಿದೆ."

ಕಾವೂರಿನ ಸುಡುಬಿಸಿಲಿನಲ್ಲಿ ಬಾನೆಟ್ ಎತ್ತಿ ಇಬ್ಬರೂ ಬಗ್ಗಿದರು. ಅವಳು ಟೇಪ್ ಹಿಡಿದಳು; ಇನ್ನೊಂದು ತುದಿಯನ್ನು ಅವನು ಹಿಡಿದ. ಒಳಗೆ ದಪ್ಪ ಉಣ್ಣೆಬಟ್ಟೆ, ಹೊರಗೆ ಬಿಸಿ ತಡೆಯುವ ಬೆಳ್ಳಿಬಣ್ಣದ ಶೀಟ್ ಎಂದು ತೀರ್ಮಾನವಾಯಿತು. ತೀರ್ಮಾನವಾದ ಮೇಲೂ ಟೇಪಿನ ತುದಿಯನ್ನು ಅವನು ಬಿಡಲಿಲ್ಲ.

ಆಮೇಲೆ ಅವನು ಎರಡು ದಿನಕ್ಕೊಮ್ಮೆ ಬರತೊಡಗಿದ.

"ಅಳತೆ ಇನ್ನೊಮ್ಮೆ ನೋಡ್ತೀರಾ?"

"ಬ್ಯಾಟರಿ ಬೆಳೆಯುವುದಿಲ್ಲ, ಮಾರಾಯ್ರೆ."

ಒಳಗೆ ರೆಕ್ಸಿನ್ ಕತ್ತರಿಸುತ್ತಿದ್ದ ಅವಳ ಅಪ್ಪ ಮೋಹನದಾಸ್ ಸುಮ್ಮನೆ ಕೆಮ್ಮುತ್ತಿದ್ದರು.

ಅವನು ಹೋದ ಮೇಲೆ ಅವಳಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ನೂಲು ತುಂಡಾಗುತ್ತಿತ್ತು, ಸೂಜಿ ಮುರಿಯುತ್ತಿತ್ತು. ರಸ್ತೆಯಲ್ಲಿ ಬಿಳಿ ಕಾರು ಕಂಡರೆ ಸಾಕು, ಕಾಲು ಪೆಡಲಿನ ಮೇಲೆಯೇ ನಿಂತುಬಿಡುತ್ತಿತ್ತು. ಮಲಗಿದರೂ ಫೋನಿನಲ್ಲಿ ಲೇಹ್‌ನ ಚಳಿ ಎಷ್ಟೆಂದು ನೋಡುವಳು. ಜನವರಿಯಲ್ಲಿ ಮೈನಸ್ ಇಪ್ಪತ್ತು! ಅಷ್ಟು ಚಳಿಯಲ್ಲಿ ಮನುಷ್ಯರು ಎಂತ ಮಾಡುತ್ತಾರೆ?

"ಆದಿತ್ಯವಾರ ಹೊರಡ್ತೇನೆ," ಎಂದು ಅವನು ಹೇಳಿದ್ದು ಪೇಟೆಗೆ ಹೋಗಿಬರುವವನ ಹಾಗೆ.

ಶನಿವಾರ ಅಂಗಿ ಮುಗಿಯಿತು. ನಾಲ್ಕು ಬದಿಗಷ್ಟೇ ಸುತ್ತುವ ಹೊದಿಕೆ ಅದು. ಅದನ್ನು ಮಡಚುವಾಗ ಅವಳ ಮನಸ್ಸು ತಡೆಯಲಿಲ್ಲ. ಮತ್ತೆ ಮೆಷಿನ್ನಿಗೆ ಕುಳಿತು, ಉಳಿದ ತುಂಡಿನಿಂದ ಮೇಲ್ಗಡೆಗೂ ಒಂದು ಮುಚ್ಚಳ ಹೊಲಿದು ಸೇರಿಸಿದಳು.

ಸಂಜೆ ಬಂದ ಅವನು ಕಟ್ಟು ತೆಗೆದುಕೊಂಡು ಹಾಗೆಯೇ ನಿಂತ.

"ಮತ್ತೆ?" ಎಂದ.

"ಮತ್ತೆ ಎಂತ?"

"ಎಂತ ಇಲ್ಲ."

ಹೋಗಿಯೇಬಿಟ್ಟ.

ಆದಿತ್ಯವಾರ ಬೆಳಿಗ್ಗೆ ಮನೆಯಲ್ಲಿರಲಾಗದೆ ಅವಳು ಬಂದು ಅಂಗಡಿ ತೆರೆದಳು. ಪಕ್ಕದ ಬ್ಯಾಟರಿ ಅಂಗಡಿಯ ಪೌಲ್ ಇಗರ್ಜಿಯಿಂದ ಮರಳುತ್ತ ಇಣುಕಿದರು. ಮೇಜಿನ ಮೇಲಿದ್ದ ಬೆಳ್ಳಿಬಣ್ಣದ ಶೀಟಿನ ಚೂರನ್ನು ನೋಡಿ, "ಆ ಹುಡುಗನ ಬ್ಯಾಟರಿಯದ್ದಾ? ಸುತ್ತ ಮಾತ್ರ ಅಲ್ವಾ ಹೊಲಿದದ್ದು?" ಎಂದರು.

"ಮೇಲೆಯೂ ಮುಚ್ಚಿದ್ದೇನೆ."

"ಎಂತ ಮಾಡಿದೆ ಮಾರಾಯ್ತಿ! ಬ್ಯಾಟರಿಯ ಗ್ಯಾಸ್ ಹೊರಗೆ ಹೋಗ್ಲಿಕ್ಕೆ ಜಾಗ ಬೇಡ್ವಾ? ಆ ಲೋಹದ ಶೀಟ್ ಎರಡು ಟರ್ಮಿನಲ್‌ಗೂ ತಾಗಿದ್ರೆ ಕಿಡಿ ಹಾರಿ ಬೆಂಕಿ ಹಿಡೀತದೆ."

ಅವಳು ದಡಕ್ಕನೆ ಎದ್ದಳು. ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಳು. ಇಲ್ಲ. ಕತ್ತರಿಯನ್ನು ಚೀಲಕ್ಕೆ ತುರುಕಿ ಸ್ಕೂಟರ್ ಹತ್ತಿದವಳು ಕೂಳೂರಿನಲ್ಲಿ ಹೈವೇ ಸೇರಿ ಉತ್ತರಕ್ಕೆ ತಿರುಗಿದಳು. ಸೇತುವೆ ದಾಟುವಷ್ಟರಲ್ಲಿ ಫೋನ್ ರಿಂಗಾಯಿತು. ಬದಿಗೆ ನಿಲ್ಲಿಸಿ ಎತ್ತಿದಳು.

"ಕಾರು ನಿಲ್ಲಿಸಿ! ಈಗಲೇ ನಿಲ್ಲಿಸಿ!"

"ನಿಂತೇ ಉಂಟು," ಎಂದ ಮೋಕ್ಷಿತ್. "ಪಣಂಬೂರಿನ ಹತ್ತಿರ, ಚಾದಂಗಡಿ ಎದುರು. ಫೋನ್ ಕಾರಿನಲ್ಲೇ ಬಿಟ್ಟಿದ್ದೆ."

ಅವಳು ತಲುಪಿದವಳೇ ಬಾನೆಟ್ ತೆರೆಸಿದಳು. ಏನೂ ಆಗಿರಲಿಲ್ಲ. ಮುಚ್ಚಳದ ಅಂಚು ಟರ್ಮಿನಲ್‌ನಿಂದ ಬೆರಳಗಲ ದೂರದಲ್ಲಿತ್ತು. ಅವಳು ಚೀಲದಿಂದ ತೆಗೆದ ಕತ್ತರಿಯನ್ನು ಅವನು ಮೆಲ್ಲಗೆ ಬಿಡಿಸಿಕೊಂಡು, ಅಂಗಿಯನ್ನು ಕಳಚಿ, ಮುಚ್ಚಳವನ್ನು ಕತ್ತರಿಸಿ ತೆಗೆದ.

"ಇದನ್ನು ಯಾರು ಹೇಳಿದ್ದು ಹೊಲಿಯಲಿಕ್ಕೆ?"

"ಯಾರೂ ಹೇಳ್ಲಿಲ್ಲ. ಅಲ್ಲಿ ಅಷ್ಟು ಚಳಿ ಅಂತ ಗೊತ್ತಾಯ್ತು. ನಿಮಗೆ ಎಂತಾದರೂ ಕೊಡ್ಬೇಕು ಅನಿಸಿತು. ನನಗೆ ಬರುವುದು ಹೊಲಿಯಲಿಕ್ಕೆ ಮಾತ್ರ." ಅವಳು ಕತ್ತರಿಸಿದ ಮುಚ್ಚಳವನ್ನು ಚೀಲಕ್ಕೆ ತುರುಕಿದಳು. "ನೀವು ಹೋಗುವುದು ನನಗೆ ಇಷ್ಟ ಇಲ್ಲ. ಹೋಗ್ಬೇಡಿ ಅಂತ ಹೇಳ್ಲಿಕ್ಕೂ ಆಗುವುದಿಲ್ಲ."

ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು. ಅವನು ಅವಳನ್ನೇ ನೋಡುತ್ತಿದ್ದ.

"ಬೆಳಿಗ್ಗೆಯಿಂದ ಇಲ್ಲೇ ಇದ್ದೇನೆ, ಭವ್ಯಾ. ಚಾ ಕುಡಿದು ಕುಡಿದು ಹೊಟ್ಟೆ ಉರೀತದೆ. ಮುಂದೆ ಹೋಗ್ಲಿಕ್ಕೆ ಮನಸ್ಸಿಲ್ಲ, ತಿರುಗಿ ಬರ್ಲಿಕ್ಕೆ ಕಾರಣ ಇಲ್ಲ. ನಿಮ್ಮ ಅಂಗಿ ಬೇರೆ ಸರಿಯಾಗಿ ಕೂತುಬಿಟ್ಟಿತ್ತು!"

ಅವಳು ಅಳುತ್ತಲೇ ನಕ್ಕಳು. "ರೋಷನಿಗೆ ಮಾತು ಕೊಟ್ಟಿದ್ದೀರಿ. ಹೋಗ್ಬೇಕು."

"ಹೋಗ್ತೇನೆ. ಸ್ವಲ್ಪ ದೂರ ಜೊತೆಗೆ ಬರ್ತೀರಾ?"

"ಸುರತ್ಕಲ್‌ವರೆಗೆ ಮಾತ್ರ."

ಸ್ಕೂಟರಿನ ಕೀಯನ್ನು ಚಾದಂಗಡಿಯವರಿಗೆ ಒಪ್ಪಿಸಿ ಹತ್ತಿದಳು. ಸುರತ್ಕಲ್ ಬಂತು, ಇಬ್ಬರೂ ಅದನ್ನು ಕಾಣದವರ ಹಾಗೆ ಮಾತಾಡುತ್ತಿದ್ದರು. ಮುಲ್ಕಿ ದಾಟಿತು. ಪಡುಬಿದ್ರಿಯಲ್ಲಿ ಅಪ್ಪನ ಫೋನ್ ಬಂತು.

"ಎಲ್ಲಿದ್ದಿ ಮಗಾ?"

"ಪಡುಬಿದ್ರಿ, ಅಪ್ಪಾ. ಬ್ಯಾಟರಿ ಟೆಸ್ಟ್ ಮಾಡ್ಲಿಕ್ಕೆ."

ಆಚೆ ಅಪ್ಪ ಕೆಮ್ಮಿದರು. "ಊಟಕ್ಕೆ ಬರ್ತಿಯಲ್ಲಾ?"

"ಬರ್ತೇನೆ."

ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ಅವಳ ಊರಿನ ಕಡೆಗೆ ಹೊರಟ ಬಸ್ಸಿನ ಕಂಡಕ್ಟರ್ "ಕುಡ್ಲ, ಕುಡ್ಲ" ಎಂದು ಕೂಗುತ್ತಿದ್ದ. ಅವಳು ಇಳಿದಳು. ಅವನೂ ಇಳಿದು ಬಸ್ಸಿನ ಬಾಗಿಲವರೆಗೂ ಬಂದ.

"ಏಪ್ರಿಲ್‌ನಲ್ಲಿ ಬರ್ತೇನೆ. ಮೊದಲು ನಿನ್ನ ಅಂಗಡಿಗೇ ಬರುವುದು."

'ನಿನ್ನ' ಎಂದದ್ದು ಅವಳ ಕಿವಿಯಲ್ಲಿ ಉಳಿಯಿತು. ಅವಳು ಮೆಟ್ಟಿಲೇರಿ ತಿರುಗಿ ನಿಂತಳು.

"ಅಂಗಡಿಗೆ ಎಂತಕ್ಕೆ? ಮನೆಗೆ ಬನ್ನಿ. ನಿಮ್ಮ ಅಮ್ಮನನ್ನೂ ಕರ್ಕೊಂಡು."

ಅವನ ಮುಖ ಕಿವಿಯವರೆಗೂ ಕೆಂಪೇರಿತು. "ಅಮ್ಮನಿಗೆ ಇವತ್ತೇ ಫೋನ್ ಮಾಡ್ತೇನೆ," ಎಂದ. ಬಸ್ಸು ಹೊರಟಿತ್ತು; ಅವನು ಇನ್ನೂ ಎರಡು ಹೆಜ್ಜೆ ಜೊತೆಗೆ ಓಡಿದ.

ಕಿಟಕಿ ಪಕ್ಕ ಸೀಟು ಸಿಕ್ಕಿತು. ಎಷ್ಟೋ ದಿನಗಳಿಂದ ನೆಟ್ಟಗೆ ಮಲಗದಿದ್ದವಳಿಗೆ ಕಟಪಾಡಿ ಬರುವ ಮೊದಲೇ ಗಾಢ ನಿದ್ದೆ ಬಂತು. ಸ್ಕೂಟರ್ ಬಿಟ್ಟುಬಂದಿದ್ದ ಪಣಂಬೂರಿನಲ್ಲಿ ಕಂಡಕ್ಟರೇ ಎಬ್ಬಿಸಬೇಕಾಯಿತು.